ಒಂದೇ ಹೆಸರು, ಎರಡು ಆಪರೇಷನ್: ಪ್ರಾಸ್ಟೇಟ್ ತೆಗೆದರೆ ಗಂಡು ಹಾರ್ಮೋನ್ ಹೋಗುತ್ತಾ?

ಮೈಸೂರಿನಿಂದ ಮಂಡ್ಯಕ್ಕೆ ವಾಪಸ್ ಬರುವಾಗ ಶ್ರೀರಂಗಪಟ್ಟಣದವರೆಗೂ ಸೋದರಮಾವ ತುಟಿ ಬಿಚ್ಚಲಿಲ್ಲ. ಆಪರೇಷನ್ ಆಗಿ ಮೂರು ತಿಂಗಳಾಗಿತ್ತು. ಚೆಕಪ್ ಮುಗಿಸಿಕೊಂಡು ಬರುತ್ತಿದ್ದೆವು, ಡಾಕ್ಟರು ಎಲ್ಲ ಚೆನ್ನಾಗಿದೆ ಅಂದಿದ್ದರು. ಬಸ್ಸು ಕಾವೇರಿ ಸೇತುವೆ ಮೇಲೆ ಹೋಗುವಾಗ, ಕಿಟಕಿ ಕಡೆ ಮುಖ ಮಾಡಿಕೊಂಡೇ ಕೇಳಿದರು: "ಅಲ್ಲ ಕಣ್ಲಾ ಅಳಿಯ, ನನ್ನ ಎತ್ತು ಮಾಡ್ಬುಟ್ರಾ?"

ಹೋರಿಗೆ ಬೀಜ ಒಡೆಸಿದರೆ ಎತ್ತಾಗುತ್ತದೆ. ಇದು ನಮ್ಮ ಕಡೆ ಯಾರಿಗೂ ಹೇಳಿಕೊಡಬೇಕಾದ ವಿಷಯವಲ್ಲ, ಅದರಲ್ಲೂ ಮಾವನ ಮನೆಯಲ್ಲಿ ಅಜ್ಜನ ಕಾಲದಿಂದಲೂ ಹಳ್ಳಿಕಾರ್ ಜೋಡಿ ಕಟ್ಟಿದವರು. ಹಾಗಾಗಿ ಅವರ ಲೆಕ್ಕ ಸರಳವಾಗಿತ್ತು. ಕೆಳಗೆ ಏನೋ ಕೊಯ್ದರು, ಅದಾದ ಮೇಲೆ ತನ್ನಿಂದ ಏನೂ ಆಗುತ್ತಿಲ್ಲ, ಅಲ್ಲಿಗೆ ಹಾರ್ಮೋನ್ ಹೋಯಿತು. ಇನ್ನೊಂದು ಕಾರಣವೂ ಇತ್ತು. ಅದೇ ವಾರ್ಡಿನಲ್ಲಿ ಪಕ್ಕದ ಮಂಚದಲ್ಲಿದ್ದ, ಆಲೆಮನೆ ನಡೆಸುವ ಗೌಡರಿಗೂ 'ಪ್ರಾಸ್ಟೇಟ್ ಆಪರೇಷನ್' ಅಂತಲೇ ಹೇಳಿದ್ದರು. ಆದರೆ ಗೌಡರಿಗೆ ತೆಗೆದಿದ್ದು ಪ್ರಾಸ್ಟೇಟ್ ಅಲ್ಲ, ಎರಡೂ ಬೀಜ. ಮಾವನಿಗೆ ತೆಗೆದಿದ್ದು ಪ್ರಾಸ್ಟೇಟ್, ಬೀಜವನ್ನು ಯಾರೂ ಮುಟ್ಟಿರಲಿಲ್ಲ. ಇಬ್ಬರೂ ಊರಿಗೆ ಬಂದು ಒಂದೇ ಹೆಸರು ಹೇಳಿದರು. ಕೇಳಿದವರೆಲ್ಲ ಎರಡನ್ನೂ ಒಂದೇ ಅಂದುಕೊಂಡರು.

ಈ ಗೊಂದಲ ಮಾವ ಒಬ್ಬರದ್ದೇ ಅಲ್ಲ, ಓದಿದವರಲ್ಲೂ ನೋಡಿದ್ದೇನೆ. ಪ್ರಾಸ್ಟೇಟ್ ಗಂಡಸರಿಗೆ ಮಾತ್ರ ಇರುವ ಗ್ರಂಥಿ, ಹಾಗಾಗಿ ಗಂಡಸ್ತನದ ಹಾರ್ಮೋನ್ ಅಲ್ಲೇ ತಯಾರಾಗುತ್ತದೆ ಅಂತ ಬಹಳ ಜನ ನಂಬಿದ್ದಾರೆ. ಹಾಗಲ್ಲ.

ನಮ್ಮೂರಿನ ಭಾಷೆಯಲ್ಲೇ ಹೇಳುತ್ತೇನೆ. ಬೀಜವನ್ನು ಕನ್ನಂಬಾಡಿ ಕಟ್ಟೆ ಅಂದುಕೊಳ್ಳಿ (ಪುಸ್ತಕದಲ್ಲಿ ವೃಷಣ ಅಂತ ಬರೆಯುತ್ತಾರೆ, ಊರಲ್ಲಿ ಯಾರೂ ಹಾಗನ್ನುವುದಿಲ್ಲ). ಅಲ್ಲಿಂದ ಹರಿಯುವ ನೀರೇ ಟೆಸ್ಟೋಸ್ಟೆರಾನ್, ಅಂದರೆ ಗಂಡು ಹಾರ್ಮೋನ್. ರಕ್ತ ವಿ.ಸಿ. ನಾಲೆ. ನಾಲೆ ಹರಿಯುವ ದಾರಿಯಲ್ಲಿ ಎಷ್ಟೋ ಗದ್ದೆಗಳಿವೆ: ಸ್ನಾಯು, ಮೂಳೆ, ಮಿದುಳು, ಗಡ್ಡ ಮೀಸೆ. ಅಂಥದ್ದೇ ಒಂದು ಗದ್ದೆ ಪ್ರಾಸ್ಟೇಟ್. ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಸುತ್ತಿಕೊಂಡು ಕೂತಿರುವ, ದೊಡ್ಡ ನೆಲ್ಲಿಕಾಯಿ ಗಾತ್ರದ ಗ್ರಂಥಿ ಅದು. ವೀರ್ಯಕ್ಕೆ ಬೇಕಾದ ದ್ರವದಲ್ಲಿ ಒಂದು ಪಾಲನ್ನು ತಯಾರಿಸುವುದು ಅದರ ಕೆಲಸ. ಗದ್ದೆ ನೀರು ಕುಡಿಯುತ್ತದೆ, ನೀರು ಕೊಡುವುದಿಲ್ಲ.

ಟೆಸ್ಟೋಸ್ಟೆರಾನ್‌ನಲ್ಲಿ ನೂರಕ್ಕೆ ಸುಮಾರು 95 ಭಾಗ ಬರುವುದು ಬೀಜದಿಂದ. ಉಳಿದ ಸ್ವಲ್ಪಕ್ಕೆ ಮೂಲ ಕಿಡ್ನಿ ಮೇಲೆ ಟೋಪಿ ಹಾಗೆ ಕೂತಿರುವ ಅಡ್ರಿನಲ್ ಗ್ರಂಥಿ. ತೂಬು ಎಷ್ಟು ಎತ್ತಬೇಕು ಅಂತ ಆರ್ಡರ್ ಕೊಡುವುದು ಮಾತ್ರ ತಲೆಯೊಳಗೆ ಕೂತಿರುವವರು. ಮಿದುಳಿನ ಬುಡದಲ್ಲಿ ಕಡಲೆಕಾಳಿನಷ್ಟಿರುವ ಪಿಟ್ಯುಟರಿ ಗ್ರಂಥಿ ಎಲ್‌ಎಚ್ ಅನ್ನುವ ಹಾರ್ಮೋನ್ ಕಳಿಸುತ್ತದೆ, ಅದು ಬಂದರೆ ಬೀಜ ಕೆಲಸ ಮಾಡುತ್ತದೆ. ನಾಲೆಯಲ್ಲಿ ನೀರು ಕಮ್ಮಿಯಾದರೆ ಆರ್ಡರ್ ಜಾಸ್ತಿ ಬರುತ್ತದೆ, ನೀರು ಜಾಸ್ತಿಯಾದರೆ ಆರ್ಡರ್ ಕಮ್ಮಿಯಾಗುತ್ತದೆ. ಬೆಳೆದ ಗಂಡಸರ ರಕ್ತದಲ್ಲಿ ಟೆಸ್ಟೋಸ್ಟೆರಾನ್ ಮಟ್ಟ ಒಂದು ಡೆಸಿಲೀಟರಿಗೆ ಸುಮಾರು 300ರಿಂದ 1000 ನ್ಯಾನೊಗ್ರಾಂ, ಲ್ಯಾಬಿನಿಂದ ಲ್ಯಾಬಿಗೆ ಸ್ವಲ್ಪ ಹೆಚ್ಚುಕಮ್ಮಿ.

ಈಗ ಮಾವನ ಆಪರೇಷನ್ ನೋಡೋಣ. ಅವರಿಗೆ ಕ್ಯಾನ್ಸರ್ ಗ್ರಂಥಿಯೊಳಗೇ ಇತ್ತು, ಹೊರಗೆ ಹರಡಿರಲಿಲ್ಲ. ಹಾಗಾಗಿ ಪೂರ್ತಿ ಪ್ರಾಸ್ಟೇಟ್ ಮತ್ತು ಅದರ ಹಿಂದೆ ಅಂಟಿಕೊಂಡಿರುವ ಎರಡು ವೀರ್ಯಚೀಲ ತೆಗೆದರು. ಇದಕ್ಕೆ ರ್‍ಯಾಡಿಕಲ್ ಪ್ರಾಸ್ಟೆಕ್ಟಮಿ ಅಂತ ಹೆಸರು. ಗದ್ದೆ ಹೋಯಿತು. ಗದ್ದೆಯೊಂದು ಹೋದರೆ ಕಟ್ಟೆಯ ನೀರು ಇಳಿಯುತ್ತಾ? ಇಳಿಯಲ್ಲ ಅಲ್ವಾ?

ಆದರೆ ಒಂದು ಮಾತು ಸೇರಿಸಬೇಕು. ಆಪರೇಷನ್ ಆದ ಕೂಡಲೇ ಟೆಸ್ಟ್ ಮಾಡಿಸಿದರೆ ಮಟ್ಟ ಕೆಳಗೇ ಕಾಣುತ್ತದೆ. ಇದು ಪ್ರಾಸ್ಟೇಟಿಗೆ ಮಾತ್ರ ಅಲ್ಲ, ಹೊಟ್ಟೆಯದ್ದೋ ಹೃದಯದ್ದೋ ಯಾವ ದೊಡ್ಡ ಆಪರೇಷನ್ ಆದರೂ ಹೀಗೇ. ಮೈಗೆ ದೊಡ್ಡ ಪೆಟ್ಟು ಬಿದ್ದಾಗ ಮಿದುಳು ಉಳಿದ ಕೆಲಸಗಳನ್ನೆಲ್ಲ ಬದಿಗಿಟ್ಟು ಗಾಯ ಮಾಯಿಸುವುದರ ಕಡೆ ತಿರುಗುತ್ತದೆ, ಆಗ ಬೀಜಕ್ಕೆ ಹೋಗುವ ಆರ್ಡರ್ ತಗ್ಗುತ್ತದೆ, ಜೊತೆಗೆ ಕೆಲವು ಗಟ್ಟಿ ನೋವಿನ ಔಷಧಗಳೂ ಅದನ್ನು ಇನ್ನಷ್ಟು ತಗ್ಗಿಸುತ್ತವೆ. ಚೇತರಿಸಿಕೊಳ್ಳುತ್ತಾ ಬಂದಂತೆ ಮೇಲೆ ಬರುತ್ತದೆ.

ಆಮೇಲಿನದು ಇನ್ನೂ ಸ್ವಾರಸ್ಯ. 1998ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ತಂಡವೊಂದು ಹೀಗೆ ಪ್ರಾಸ್ಟೇಟ್ ತೆಗೆಸಿಕೊಂಡವರ ರಕ್ತವನ್ನು ಆಪರೇಷನ್ನಿಗೆ ಮೊದಲು ಮತ್ತು ಒಂದು ವರ್ಷದ ನಂತರ ನೋಡಿತು. ಟೆಸ್ಟೋಸ್ಟೆರಾನ್ ಕಮ್ಮಿಯಾಗಿರಲಿಲ್ಲ, ಬದಲಿಗೆ ಮೇಲಕ್ಕೇ ಹೋಗಿತ್ತು. ಎಲ್‌ಎಚ್ ಕೂಡ ಏರಿತ್ತು. ಗ್ರಂಥಿ ಅಥವಾ ಅದರಲ್ಲಿದ್ದ ಗಡ್ಡೆ ಮಿದುಳಿನ ಆರ್ಡರನ್ನು ಹೇಗೋ ಸ್ವಲ್ಪ ಹಿಡಿದಿಟ್ಟಿತ್ತು, ಅದು ಹೋದ ಮೇಲೆ ಹಿಡಿತ ಸಡಿಲವಾಯಿತು ಅನ್ನುವುದು ಊಹೆ. ಹಾಗಂತ ಪ್ರಾಸ್ಟೇಟ್ ತೆಗೆಸಿದರೆ ಗಂಡಸ್ತನ ಏರುತ್ತದೆ ಅಂತ ಯಾರೂ ಓಡಬೇಡಿ, ನಾನು ಹೇಳಿದ್ದು ಅದಲ್ಲ. ಹಾರ್ಮೋನ್ ಹೋಗುವುದಿಲ್ಲ ಅನ್ನುವುದಷ್ಟೇ.

ಒಂದು ಮಾತ್ರ ಇಳಿಯುತ್ತದೆ, ಅದು ಡಿಎಚ್‌ಟಿ. ಟೆಸ್ಟೋಸ್ಟೆರಾನ್ ಪ್ರಾಸ್ಟೇಟಿನೊಳಗೆ ಹೋದ ಮೇಲೆ ಅಲ್ಲಿರುವ ಕಿಣ್ವವೊಂದು ಅದನ್ನು ಡಿಎಚ್‌ಟಿ ಎಂಬ ಇನ್ನೂ ಗಟ್ಟಿ ಹಾರ್ಮೋನ್ ಮಾಡುತ್ತದೆ. ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕುದ್ದು ಬೆಲ್ಲವಾಗುವ ಹಾಗೆ. ರಕ್ತದಲ್ಲಿ ಓಡಾಡುವ ಡಿಎಚ್‌ಟಿಯಲ್ಲಿ ಒಂದು ಪಾಲು ಈ ಗ್ರಂಥಿಯಿಂದಲೇ ಬರುವುದು. ಆಲೆಮನೆ ಮುಚ್ಚಿದರೆ ಬೆಲ್ಲ ಕಮ್ಮಿಯಾಗುತ್ತದೆ, ಕಬ್ಬು ಹಾಗೇ ಇರುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ಮಾವ ಕೇಳಿದ್ದು ಸರಿಯಾಗೇ ಇತ್ತು: "ಮತ್ಯಾಕ್ಲಾ ಆಗಲ್ಲ?"

ನರ. ಹಾರ್ಮೋನ್ ಅಲ್ಲ, ನರ. ನಿಮಿರುವಿಕೆಗೆ ಬೇಕಾದ ನರಗಳು ಪ್ರಾಸ್ಟೇಟಿನ ಎಡಬಲದಲ್ಲಿ, ಗ್ರಂಥಿಯ ಮೈಗೆ ಅಂಟಿಕೊಂಡೇ, ನೂಲಿನೆಳೆಗಳ ಹಾಗೆ ಹೋಗುತ್ತವೆ. ಬಹಳ ವರ್ಷ ಡಾಕ್ಟರುಗಳಿಗೇ ಅವು ಎಲ್ಲಿವೆ ಅಂತ ಸರಿಯಾಗಿ ಗೊತ್ತಿರಲಿಲ್ಲ. ಪ್ರಾಸ್ಟೇಟ್ ತೆಗೆದರೆ ನಿಮಿರುವಿಕೆ ಹೋದಂತೆಯೇ ಅಂತ ಎಲ್ಲರೂ ಒಪ್ಪಿಕೊಂಡುಬಿಟ್ಟಿದ್ದರು. ಪ್ಯಾಟ್ರಿಕ್ ವಾಲ್ಶ್ ಅನ್ನುವ ಅಮೆರಿಕದ ಸರ್ಜನ್ ಹಾಲೆಂಡಿನ ಪೀಟರ್ ಡಾಂಕರ್ ಜೊತೆ ಸೇರಿ ಆ ನರಗಳ ದಾರಿ ಗುರುತಿಸಿ, 1982ರಲ್ಲಿ ಅವನ್ನು ಉಳಿಸಿಕೊಂಡು ಆಪರೇಷನ್ ಮಾಡಿ ತೋರಿಸಿದರು. ಈಗ ಕ್ಯಾನ್ಸರ್ ನರದ ಹತ್ತಿರ ಬಂದಿಲ್ಲದಿದ್ದರೆ ಉಳಿಸಲು ನೋಡುತ್ತಾರೆ. ಉಳಿಸಿದರೂ ಎಳೆದಾಡಿದ ನೋವಿಗೆ ನರ ಮಂಕಾಗಿರುತ್ತದೆ. ಅದು ಎಚ್ಚೆತ್ತುಕೊಳ್ಳಲು ತಿಂಗಳುಗಟ್ಟಲೆ, ಕೆಲವರಿಗೆ ಎರಡು ವರ್ಷವೇ ಹಿಡಿಯುತ್ತದೆ, ಕೆಲವರಿಗೆ ಪೂರ್ತಿ ಬರುವುದೂ ಇಲ್ಲ. ವಯಸ್ಸು, ಶುಗರ್, ಆಪರೇಷನ್ನಿಗೆ ಮೊದಲು ಹೇಗಿತ್ತು ಅನ್ನುವುದು, ಎಲ್ಲ ಲೆಕ್ಕಕ್ಕೆ ಬರುತ್ತದೆ. ಮೂರು ತಿಂಗಳಿಗೇ ತೀರ್ಪು ಕೊಟ್ಟುಕೊಳ್ಳಬಾರದು.

ಹಾರ್ಮೋನ್ ಸಮಸ್ಯೆಯಾ, ನರದ ಸಮಸ್ಯೆಯಾ ಅಂತ ಅಂದಾಜು ಮಾಡಲು ಒಂದು ಸುಲಭದ ಪ್ರಶ್ನೆ ಇದೆ. ಆಸೆ ಇದೆ, ಆದರೆ ಆಗುತ್ತಿಲ್ಲ ಅಂದರೆ ಸಾಮಾನ್ಯವಾಗಿ ನರದ ಕಡೆ ನೋಡಬೇಕು. ಆಸೆಯೇ ಬತ್ತಿ ಹೋಗಿದೆ ಅಂದರೆ ಹಾರ್ಮೋನ್ ಕಡೆ. ಪೂರ್ತಿ ಹೀಗೇ ಅಂತಲ್ಲ, ಕ್ಯಾನ್ಸರ್ ಅಂತ ಕೇಳಿಸಿಕೊಂಡ ಮನುಷ್ಯನಿಗೆ ಭಯಕ್ಕೋ ಬೇಜಾರಿಗೋ ಆಸೆ ಸತ್ತಿರುವುದೂ ಉಂಟು. ಬಸ್ಸಿನಲ್ಲಿ ಇದನ್ನು ಮಾವನಿಗೆ ಕೇಳಲು ನನಗೆ ನಾಚಿಕೆಯಾಯಿತು. ಅವರೇ ಸುಮ್ಮನೆ ನಕ್ಕು "ಅದಕ್ಕೇನೂ ಕಮ್ಮಿ ಇಲ್ಲ ಬುಡು" ಅಂದರು. ಅತ್ತೆ ಜೊತೆಯಲ್ಲಿ ಇರಲಿಲ್ಲ, ಪುಣ್ಯ.

ವೀರ್ಯ ಬರುವುದಿಲ್ಲ ಅನ್ನುವುದೂ ಅವರಿಗೆ ದೊಡ್ಡ ಭಯವಾಗಿತ್ತು. ಬರುವುದಿಲ್ಲ, ನಿಜ. ದ್ರವ ತಯಾರಿಸುವ ಗ್ರಂಥಿ, ಚೀಲ ಎರಡೂ ಹೋದ ಮೇಲೆ ಎಲ್ಲಿಂದ ಬರಬೇಕು? ಆದರೆ ಆ ಕ್ಷಣದ ಸುಖ ಬೇರೆ, ದ್ರವ ಬೇರೆ. ದ್ರವ ಇಲ್ಲದೆಯೂ ಸುಖ ಉಳಿಯಬಹುದು. ಇದನ್ನು ಆಪರೇಷನ್ನಿಗೆ ಮೊದಲೇ ಯಾರಾದರೂ ಕೂರಿಸಿಕೊಂಡು ಹೇಳಿದ್ದರೆ ಮೂರು ತಿಂಗಳು ಆ ಮನುಷ್ಯ ಒಳಗೊಳಗೇ ಕೊರಗುತ್ತಿರಲಿಲ್ಲ.

ಕೊರಗಿದ್ದಷ್ಟೇ ಅಲ್ಲ, ಯಾರದೋ ಮಾತು ಕೇಳಿ ಮೆಡಿಕಲ್ ಸ್ಟೋರಿನಲ್ಲಿ 'ಶಕ್ತಿ ಬರೋಕೆ' ಅಂತ ಟೆಸ್ಟೋಸ್ಟೆರಾನ್ ಇಂಜೆಕ್ಷನ್ ವಿಚಾರಿಸಿಕೊಂಡೂ ಬಂದಿದ್ದರು. ನನಗೆ ಎದೆ ಧಸಕ್ಕೆಂದಿತು. ಪ್ರಾಸ್ಟೇಟ್ ಕ್ಯಾನ್ಸರಿನ ಬಹುಪಾಲು ಕಣಗಳಿಗೆ ಗಂಡು ಹಾರ್ಮೋನೇ ಗೊಬ್ಬರ. ಎಲ್ಲೋ ನಾಲ್ಕು ಕಣ ಉಳಿದಿದ್ದರೆ ಅವಕ್ಕೆ ನಾವೇ ಯೂರಿಯಾ ಹಾಕಿದ ಹಾಗೆ. ಆಪರೇಷನ್ ಆದವರಲ್ಲಿ ಹಾರ್ಮೋನ್ ನಿಜವಾಗಿಯೂ ಕಮ್ಮಿ ಇದ್ದಾಗ, ಪಿಎಸ್‌ಎ (ಪ್ರಾಸ್ಟೇಟ್ ಕಣಗಳು ರಕ್ತಕ್ಕೆ ಬಿಡುವ ಪ್ರೋಟೀನ್, ಕ್ಯಾನ್ಸರಿನ ಸುಳಿವಿಗೆ ಅದರ ಮಟ್ಟ ನೋಡುತ್ತಾರೆ) ಮೇಲೆ ಕಣ್ಣಿಟ್ಟುಕೊಂಡು ಕೆಲವರಿಗೆ ತಜ್ಞರು ಕೊಡುವುದುಂಟು. ಅದು ಅವರು ತೂಗಿ ನೋಡಿ ಮಾಡುವ ಕೆಲಸ. ಅಂಗಡಿ ಕೌಂಟರಿನ ಕೆಲಸ ಅಲ್ಲ. ಹೆಸರಿಲ್ಲದ ಲೇಹ್ಯಗಳ ವಿಷಯದಲ್ಲೂ ಇದೇ ಮಾತು, ಅದರೊಳಗೆ ಏನು ಬೆರೆಸಿದ್ದಾರೆ ಅಂತ ಯಾರಿಗೆ ಗೊತ್ತು?

ಇಲ್ಲಿ ಮೂರನೆಯ ಆಪರೇಷನ್ ಒಂದಿದೆ, ಊರಲ್ಲಿ ಜಾಸ್ತಿ ಕೇಳಿಬರುವುದು ಅದೇ. ವಯಸ್ಸಾದಂತೆ ಪ್ರಾಸ್ಟೇಟ್ ಊದಿಕೊಂಡು ಮೂತ್ರ ಕಟ್ಟುತ್ತದಲ್ಲ, ಕ್ಯಾನ್ಸರ್ ಅಲ್ಲದ್ದು, ಅದಕ್ಕೆ ಮಾಡುವುದು. ಮೂತ್ರನಾಳದ ಮೂಲಕವೇ ಉಪಕರಣ ಹಾಕಿ ಅಡ್ಡ ಬಂದ ಭಾಗವನ್ನು ಒಳಗಿಂದ ಕೆರೆದು ತೆಗೆಯುತ್ತಾರೆ, ಟರ್ಪ್ ಅನ್ನುತ್ತಾರೆ. ಇದರಿಂದ ಟೆಸ್ಟೋಸ್ಟೆರಾನಿಗೆ ಏನೂ ಆಗುವುದಿಲ್ಲ. ವೀರ್ಯ ಹೊರಗೆ ಬರುವ ಬದಲು ಹಿಂದಕ್ಕೆ ಮೂತ್ರಕೋಶಕ್ಕೆ ಹೋಗುವುದು ಮಾತ್ರ ತುಂಬಾ ಜನರಿಗೆ ಆಗುತ್ತದೆ, ಅದರಿಂದ ತೊಂದರೆ ಇಲ್ಲ. ಇದೇ ಕಾಯಿಲೆಗೆ ಕೊಡುವ ಫಿನಾಸ್ಟರೈಡ್, ಡ್ಯೂಟಾಸ್ಟರೈಡ್ ಮಾತ್ರೆಗಳು ಮಾತ್ರ ಹಾರ್ಮೋನಿಗೆ ಕೈ ಹಾಕುತ್ತವೆ. ಆಗಲೇ ಹೇಳಿದೆನಲ್ಲ, ಆ ಆಲೆಮನೆ ಬೆಂಕಿಯನ್ನು ಆರಿಸುವ ಮಾತ್ರೆಗಳು ಇವು. ಡಿಎಚ್‌ಟಿ ಇಳಿಯುತ್ತದೆ, ಟೆಸ್ಟೋಸ್ಟೆರಾನ್ ಇಳಿಯಲ್ಲ. ಆರು ತಿಂಗಳು, ವರ್ಷ ತಗೊಂಡರೆ ಪಿಎಸ್‌ಎ ಕೂಡ ಹೆಚ್ಚುಕಮ್ಮಿ ಅರ್ಧಕ್ಕೆ ಬರುತ್ತದೆ. ಪಿಎಸ್‌ಎ ಟೆಸ್ಟಿಗೆ ಹೋದಾಗ ಈ ಮಾತ್ರೆ ನುಂಗುತ್ತಿದ್ದೇನೆ ಅಂತ ಹೇಳದಿದ್ದರೆ ರಿಪೋರ್ಟ್ ಸುಳ್ಳು ಸಮಾಧಾನ ಕೊಡುತ್ತದೆ.

ಇನ್ನು ಗೌಡರ ವಿಷಯ. ಅವರಿಗೆ ಬೆನ್ನುನೋವು ಅಂತ ಹೋದಾಗಲೇ ಕ್ಯಾನ್ಸರ್ ಮೂಳೆಗೆ ಹೋಗಿತ್ತು. ಅಂಥ ಹೊತ್ತಿನಲ್ಲಿ ಗದ್ದೆಯನ್ನು ಕಿತ್ತು ಮುಗಿಸುವ ಹಾಗಿಲ್ಲ, ಕಳೆ ಊರೆಲ್ಲ ಹರಡಿದೆ. ಇರುವ ದಾರಿ ನೀರನ್ನೇ ನಿಲ್ಲಿಸುವುದು. 1941ರಲ್ಲಿ ಶಿಕಾಗೋದ ಚಾರ್ಲ್ಸ್ ಹಗ್ಗಿನ್ಸ್ ತೋರಿಸಿದ್ದು ಇದನ್ನೇ. ಬೀಜ ತೆಗೆದರೆ ಹರಡಿದ ಪ್ರಾಸ್ಟೇಟ್ ಕ್ಯಾನ್ಸರ್ ಕೂಡ ಕುಗ್ಗುತ್ತದೆ. ಕ್ಯಾನ್ಸರ್ ಅಂದರೆ ಹಾರ್ಮೋನಿಗೆ ಬಗ್ಗದ, ತನ್ನಿಷ್ಟಕ್ಕೆ ಬೆಳೆಯುವ ಪುಂಡು ಅಂತ ಅಂದುಕೊಂಡಿದ್ದ ಕಾಲ ಅದು. ಈ ಕೆಲಸಕ್ಕೆ 1966ರಲ್ಲಿ ಅವರಿಗೆ ನೊಬೆಲ್ ಬಂತು.

ಇಲ್ಲಿ ಹಾರ್ಮೋನ್ ಇಳಿಯುವ ವೇಗ ನೋಡಿ. ಬೆಳಿಗ್ಗೆ ಎರಡೂ ಬೀಜ ತೆಗೆದರೆ ರಾತ್ರಿ ಊಟದ ಹೊತ್ತಿಗೆ, ಸುಮಾರು ಅರ್ಧ ದಿನದೊಳಗೆ, ಮಟ್ಟ 50ಕ್ಕಿಂತ ಕೆಳಗೆ ಬಂದಿರುತ್ತದೆ. ಬಹಳ ಜನರಲ್ಲಿ 20ಕ್ಕಿಂತಲೂ ಕೆಳಗೆ ಹೋಗುತ್ತದೆ. ನಮ್ಮ ಭಾಷೆಯಲ್ಲಿ ಡೆಡ್ ಸ್ಟೋರೇಜ್. ತಮಾಷೆ ಅಂದರೆ ಬೀಜ ಹೋಗಿದೆ ಅನ್ನುವ ಸುದ್ದಿ ಪಿಟ್ಯುಟರಿಗೆ ಮುಟ್ಟುವುದೇ ಇಲ್ಲ. ನೀರು ಬರುತ್ತಿಲ್ಲ, ತೂಬು ಎತ್ತಿ ಅಂತ ಅದು ಆರ್ಡರ್ ಮೇಲೆ ಆರ್ಡರ್ ಕಳಿಸುತ್ತಲೇ ಇರುತ್ತದೆ. ರಿಪೋರ್ಟಿನಲ್ಲಿ ಎಲ್‌ಎಚ್ ತುಂಬಾ ಜಾಸ್ತಿ ಕಾಣುವುದು ಅದಕ್ಕೇ. ಕೆಲವು ಸರ್ಜನ್‌ಗಳು ಬೀಜದ ಚೀಲ ಪೂರ್ತಿ ಖಾಲಿಯಾಗಬಾರದು ಅಂತ ಬೀಜದ ಮೇಲಿನ ಹೊದಿಕೆ ಬಿಟ್ಟು ಒಳಗಿನ ತಿರುಳು ಮಾತ್ರ ತೆಗೆಯುತ್ತಾರೆ. ಹಾರ್ಮೋನಿನ ಲೆಕ್ಕದಲ್ಲಿ ಎರಡೂ ಒಂದೇ, ಸ್ನಾನದ ಮನೆಯಲ್ಲಿ ಬಟ್ಟೆ ಬಿಚ್ಚಿದಾಗ ಮನಸ್ಸಿಗೆ ಅಷ್ಟು ಚುಚ್ಚುವುದಿಲ್ಲ.

ಬೀಜ ತೆಗೆಯುವ ಬದಲು ಇಂಜೆಕ್ಷನ್ ಕೂಡ ಇದೆ. ಲ್ಯೂಪ್ರೊಲೈಡ್, ಗೋಸೆರೆಲಿನ್ ಥರದವು. ಇವು ಕೆಲಸ ಮಾಡುವ ರೀತಿ ವಿಚಿತ್ರ. ಮಿದುಳು ಆರ್ಡರ್ ಕೊಡಲು ಬಳಸುವ ಸಂಕೇತವನ್ನೇ ಇವು ಬಿಡದೆ ಒತ್ತುತ್ತವೆ. ಮನೆಯ ಬೆಲ್ಲನ್ನು ಯಾರೋ ಕೈ ತೆಗೆಯದೆ ಒತ್ತಿದರೆ ಮೊದಲು ಓಡಿ ಬರುತ್ತೀರಿ, ಆಮೇಲೆ ವೈರ್ ಕಿತ್ತು ಸುಮ್ನಾಗುತ್ತೀರಿ, ಹಾಗೆ. ಹಾಗಾಗಿ ಮೊದಲ ಒಂದೆರಡು ವಾರ ಟೆಸ್ಟೋಸ್ಟೆರಾನ್ ಏರುತ್ತದೆ, ಮೂರು ನಾಲ್ಕು ವಾರಕ್ಕೆ ತಳ ಸೇರುತ್ತದೆ. ಬೆನ್ನುಮೂಳೆಯಲ್ಲಿ ಕ್ಯಾನ್ಸರ್ ಇದ್ದವರಿಗೆ ಆ ಮೊದಲ ಏರಿಕೆ ಅಪಾಯ ತರಬಹುದು, ಅದಕ್ಕೆ ಕ್ಯಾನ್ಸರ್ ಕಣಗಳ ಮೇಲೆ ಹಾರ್ಮೋನ್ ಕೆಲಸ ಮಾಡದಂತೆ ತಡೆಯುವ ಬೈಕಲುಟಮೈಡ್ ಮಾತ್ರೆಯನ್ನು ಜೊತೆಗೆ ಕೊಡುತ್ತಾರೆ. ಡೆಗಾರೆಲಿಕ್ಸ್ ಅನ್ನುವ ಇನ್ನೊಂದು ಇಂಜೆಕ್ಷನ್ನಿಗೆ ಈ ಏರಿಕೆ ಇಲ್ಲ, ಮೂರು ದಿನದಲ್ಲೇ ಕೆಲಸ ತೋರಿಸುತ್ತದೆ. ಇಂಜೆಕ್ಷನ್ ನಿಲ್ಲಿಸಿದರೆ ಹಾರ್ಮೋನ್ ತಿಂಗಳುಗಳಲ್ಲಿ ಮರಳಿ ಬರಬಹುದು, ವಯಸ್ಸಾದವರಿಗೆ ನಿಧಾನ. ಬೀಜ ತೆಗೆದರೆ ವಾಪಸ್ ದಾರಿ ಇಲ್ಲ. ಆದರೆ ಅದು ಒಂದೇ ಸಲದ ಖರ್ಚು. ಇಂಜೆಕ್ಷನ್ನಿಗೆ ಸಾವಿರಾರು ರೂಪಾಯಿ, ಅದೂ ತಿಂಗಳಿಗೋ ಮೂರು ತಿಂಗಳಿಗೋ ಒಂದು ಸಲ, ಜೊತೆಗೆ ಪ್ರತಿ ಸಲವೂ ಮೈಸೂರಿಗೆ ಒಬ್ಬರು ಕೆಲಸ ಬಿಟ್ಟು ಜೊತೆಗೆ ಹೋಗಬೇಕು. ಕಬ್ಬಿನ ದುಡ್ಡು ಯಾವಾಗ ಕೈಗೆ ಬರುತ್ತದೋ ಗೊತ್ತಿಲ್ಲದ ಮನೆಗೆ ಇದು ಸಣ್ಣ ವಿಷಯವಲ್ಲ. ಗೌಡರ ಮಗ ಆಪರೇಷನ್ ಆರಿಸಿದ್ದನ್ನು ನಾನು ತಪ್ಪು ಅನ್ನಲಾರೆ.

ತಪ್ಪು ಅನ್ನಿಸಿದ್ದು ಬೇರೆ. ಫಾರಂ ತಂದುಕೊಟ್ಟಾಗ ಸಹಿ ಹಾಕಿದ್ದು ಮಗ. ಅಪ್ಪನಿಗೆ ಯಾರೂ ಬಾಯಿ ಬಿಟ್ಟು ಹೇಳಲಿಲ್ಲ, ಆಸ್ಪತ್ರೆಯವರೂ ಇಲ್ಲ, ಮಗನೂ ಇಲ್ಲ. ಬ್ಯಾಂಡೇಜ್ ಬಿಚ್ಚಿದ ದಿನ ಗೌಡರು ತಾವೇ ಮುಟ್ಟಿ ನೋಡಿಕೊಂಡು ತಿಳಿದುಕೊಂಡರು. ಪಕ್ಕದ ಮಂಚದಲ್ಲಿದ್ದ ಮಾವ ಅದನ್ನು ನೋಡಿದ್ದಾರೆ. ಮಾತಾಡಲಿಲ್ಲವಂತೆ, ಗೋಡೆ ಕಡೆ ತಿರುಗಿ ಮಲಗಿಬಿಟ್ಟರಂತೆ. ಎಪ್ಪತ್ತು ದಾಟಿದ ಮನುಷ್ಯ ತನ್ನ ಮೈಯಿಂದ ಏನು ತೆಗೆಯುತ್ತಾರೆ ಅಂತ ಕೇಳಿಸಿಕೊಳ್ಳಲಾರದಷ್ಟು ಮೆತ್ತಗಿರುತ್ತಾನಾ?

ಹೇಳಿದ್ದರೆ ಮುಂದಿನದಕ್ಕೂ ತಯಾರಾಗಿರುತ್ತಿದ್ದರು. ಡಿಸೆಂಬರಿನ ಚಳಿಯಲ್ಲಿ ನಡುರಾತ್ರಿ ಕಂಬಳಿ ಒದ್ದು ಎದ್ದು ಕೂರುತ್ತಾರೆ. ಕುತ್ತಿಗೆ, ಮುಖ ಎಲ್ಲ ಕೆಂಪಾಗಿ ಬೆವರು ಹರಿಯುತ್ತದೆ, ಕೊಪ್ಪರಿಗೆ ಮುಂದೆ ನಿಂತ ಹಾಗೆ. ಹೆಂಗಸರಿಗೆ ಮುಟ್ಟು ನಿಲ್ಲುವ ಕಾಲದಲ್ಲಿ ಆಗುವಂಥದ್ದೇ ಇದು, ಹಾರ್ಮೋನ್ ಧುತ್ತಂತ ಇಳಿದಾಗ ಮೈಯ ಬಿಸಿ ನೋಡಿಕೊಳ್ಳುವ ವ್ಯವಸ್ಥೆ ಹಾದಿ ತಪ್ಪುತ್ತದೆ. ಆಸೆ ಬತ್ತುತ್ತದೆ. ಸ್ನಾಯು ಕರಗಿ ಹೊಟ್ಟೆಗೆ ಕೊಬ್ಬು ಸೇರುತ್ತದೆ, ಸುಸ್ತು, ಸಿಡುಕು, ಶುಗರ್ ಏರುವುದು. ಆದರೆ ಧ್ವನಿ ಹೆಣ್ಣಿನದಾಗುವುದಿಲ್ಲ, ಬಲಿತ ಗಂಟಲು ಮತ್ತೆ ಎಳೆಯದಾಗುವುದಿಲ್ಲ. ಮೀಸೆಯೂ ಉದುರಿ ಹೋಗುವುದಿಲ್ಲ, ಮೈಕೂದಲು ತೆಳುವಾಗಬಹುದು. ಎಳೆ ಹೋರಿಗೆ ಮಾಡಿದ್ದಕ್ಕೂ ಬಲಿತ ಮನುಷ್ಯನಿಗೆ ಮಾಡಿದ್ದಕ್ಕೂ ಇಷ್ಟು ವ್ಯತ್ಯಾಸ ಇದೆ.

ಎಲ್ಲಕ್ಕಿಂತ ಕಣ್ಣಿಗೆ ಕಾಣದ್ದು ಮೂಳೆ. ಗಂಡು ಹಾರ್ಮೋನ್ ಇಲ್ಲದೆ ಮೂಳೆ ವರ್ಷದಿಂದ ವರ್ಷಕ್ಕೆ ಪೊಳ್ಳಾಗುತ್ತದೆ, ಬಚ್ಚಲಲ್ಲಿ ಜಾರಿದರೆ ಸೊಂಟ ಮುರಿಯುತ್ತದೆ. ರಾಗಿ ಮುದ್ದೆ ತಿನ್ನುವವರಿಗೆ ಏನಾಗುತ್ತೆ ಅಂತ ಗೌಡರ ಮನೆಯಲ್ಲಿ ಅಂದರು. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಜಾಸ್ತಿ ಕ್ಯಾಲ್ಸಿಯಂ ಇರುವುದು ನಿಜ, ತಿನ್ನಲಿ. ಆದರೆ ಅದೊಂದೇ ಸಾಲದು. ವಿಟಮಿನ್ ಡಿ ನೋಡಿಸಬೇಕು, ಮೂಳೆ ಗಟ್ಟಿ ಎಷ್ಟಿದೆ ಅಂತ ಡೆಕ್ಸಾ ಸ್ಕ್ಯಾನ್ ಮಾಡಿಸಬೇಕು, ದಿನಾ ನಡೆಯಬೇಕು, ಆಗುವಷ್ಟು ಭಾರ ಎತ್ತಬೇಕು. ಬೇಕಾದರೆ ಮೂಳೆಗೇ ಬೇರೆ ಇಂಜೆಕ್ಷನ್ ಇವೆ.

ಕಟ್ಟೆ ಒಣಗಿಸಿದರೂ ಬೋರ್‌ವೆಲ್ ಇದ್ದೇ ಇರುತ್ತದಲ್ಲ. ಅಡ್ರಿನಲ್ ಗ್ರಂಥಿ ಸ್ವಲ್ಪ ಸುರಿಸುತ್ತಿರುತ್ತದೆ, ಕೆಲವು ಸಲ ಕ್ಯಾನ್ಸರ್ ಕಣಗಳು ತಮ್ಮೊಳಗೇ ಬಾವಿ ತೋಡಿಕೊಂಡು ಹಾರ್ಮೋನ್ ಮಾಡಿಕೊಳ್ಳುತ್ತವೆ. ಆ ನೀರನ್ನೂ ನಿಲ್ಲಿಸಲು ಅಬಿರಾಟೆರೋನ್ ಎಂಬ ಮಾತ್ರೆ ಇದೆ, ಜೊತೆಗೆ ಪ್ರೆಡ್ನಿಸೊಲೋನ್ ಕೊಡುತ್ತಾರೆ. ಗೌಡರು ಈಗ ಅದರಲ್ಲಿದ್ದಾರೆ. ಬೆನ್ನುನೋವು ಇಳಿದಿದೆ, ಆಲೆಮನೆಗೆ ಹೋಗಿ ಕೂತು ಬೈಯುವಷ್ಟು ಆಗಿದ್ದಾರೆ.

ಮಾವ ಮಾತ್ರ ನನ್ನ ಮಾತನ್ನು ಪೂರ್ತಿ ನಂಬಲಿಲ್ಲ, ಟೆಸ್ಟ್ ಮಾಡಿಸಿಯೇ ಸೈ ಅಂದರು. ಡಾಕ್ಟರಿಂದ ಬರೆಸಿಕೊಂಡು, ಮಧ್ಯಾಹ್ನ ಊಟ ಮುಗಿಸಿ ನಾಲ್ಕು ಗಂಟೆಗೆ ಹೋಗಿ ರಕ್ತ ಕೊಟ್ಟು ಬಂದರು. ಬಂದದ್ದು 284, ಆಗಲೇ ಹೇಳಿದ 300ಕ್ಕಿಂತ ಕೆಳಗೆ. ಎರಡು ದಿನ ಅನ್ನ ಸೇರಲಿಲ್ಲ. ಈ ಹಾರ್ಮೋನ್ ಬೆಳಿಗ್ಗೆ ಜಾಸ್ತಿ ಇರುತ್ತದೆ, ಹೊತ್ತು ಏರಿದಂತೆ ಇಳಿಯುತ್ತದೆ, ಖಾಲಿ ಹೊಟ್ಟೆಯಲ್ಲಿ ಹತ್ತು ಗಂಟೆಯೊಳಗೆ ರಕ್ತ ಕೊಡಬೇಕು, ಅದೂ ಒಂದು ಸಲ ನೋಡಿ ತೀರ್ಮಾನ ಮಾಡುವ ಹಾಗಿಲ್ಲ ಅಂತ ಡಾಕ್ಟರು ಹೇಳಿ ಮತ್ತೆ ಬರೆದುಕೊಟ್ಟರು. ಮಾರನೆ ವಾರ ಮೊದಲನೇ ಬಸ್ಸಿಗೇ ಹೋದರು.

ಸಾಯಂಕಾಲ ಫೋನ್ ಬಂತು. ಕೆಆರ್‌ಎಸ್ ಮಟ್ಟ ಓದುವ ಧಾಟಿಯಲ್ಲೇ ಓದಿದರು. "391. ಒಳಹರಿವು ಐತೆ ಕಣ್ಲಾ ಅಳಿಯ."